ನಾರ್ವೆಗೆ ಬೇಸಿಗೆ ಪ್ರವಾಸ: ವಿಮಾನ ಒಂದು ಸಲ, ಉಳಿದದ್ದು ರೈಲು, ದೋಣಿ, ಕಾಲ್ನಡಿಗೆ

ಜನವರಿ ಬಂತೆಂದರೆ ಒಂದೇ ಪ್ರಶ್ನೆ ಹತ್ತಾರು ಜನರಿಂದ ಬರುತ್ತದೆ. ‘ಜೂನ್‌ನಲ್ಲಿ ನಾರ್ವೆ ನೋಡಬೇಕು ಅಂತಿದ್ದೀವಿ. ಎಂಟು ದಿನ ರಜೆ ಇದೆ. ಓಸ್ಲೋ, ಬೆರ್ಗೆನ್, ಗೈರಾಂಗರ್, ಲೊಫೊಟೆನ್, ಟ್ರೋಮ್ಸೊ ಇಷ್ಟೂ ಆಗುತ್ತಾ? ಪರಿಸರಕ್ಕೆ ಜಾಸ್ತಿ ಹೊರೆ ಆಗದ ಹಾಗೆ ಹೋಗಬೇಕು.’

ಇಷ್ಟೂ ಆಗುವುದಿಲ್ಲ. ಓಸ್ಲೋದಿಂದ ಟ್ರೋಮ್ಸೊಗೆ ರಸ್ತೆಯಲ್ಲಿ 1600 ಕಿ.ಮೀ.ಗೂ ಜಾಸ್ತಿ ದೂರ. ಎಂಟು ದಿನದಲ್ಲಿ ಎಲ್ಲವನ್ನೂ ಮುಟ್ಟಿ ಬರಬೇಕೆಂದರೆ ದೇಶದೊಳಗೇ ಮೂರು ನಾಲ್ಕು ಸಲ ವಿಮಾನ ಹತ್ತಬೇಕು. ಹಾಗೆ ಮಾಡಿದರೆ ಪರಿಸರದ ಮಾತು ಅಲ್ಲಿಗೇ ಮುಗಿಯಿತು, ಅಲ್ವಾ?

ಒಂದು ಲೆಕ್ಕ ಮೊದಲೇ ಮನಸ್ಸಿನಲ್ಲಿರಲಿ. ಬೆಂಗಳೂರಿನಿಂದ ಓಸ್ಲೋಗೆ ನೇರ ಗೆರೆ ಎಳೆದರೂ ಸುಮಾರು 7500 ಕಿ.ಮೀ. ಹೋಗಿ ಬರುವಷ್ಟರಲ್ಲಿ ಒಬ್ಬೊಬ್ಬರ ಪಾಲಿಗೆ ಒಂದು ಟನ್‌ಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಭಾರತದಲ್ಲಿ ಒಬ್ಬರ ಇಡೀ ವರ್ಷದ ಸರಾಸರಿಯೇ ಸುಮಾರು 2 ಟನ್. ಅಲ್ಲಿ ಹೋಗಿ ಬಟ್ಟೆ ಚೀಲ ಹಿಡಿದು ಓಡಾಡಿದ ಮಾತ್ರಕ್ಕೆ ಇದು ತೀರುವ ಸಾಲವಲ್ಲ. ಹೊರೆ ನಿಜವಾಗಿ ಕಡಿಮೆ ಆಗುವುದು ಮೂರು ಕಡೆ. ಪದೇ ಪದೇ ಹೋಗದೆ ಒಂದೇ ಸಲ ಹೋಗುವುದು. ಹೋದ ಮೇಲೆ ಜಾಸ್ತಿ ದಿನ ಇರುವುದು. ಅಲ್ಲಿ ಮತ್ತೆ ವಿಮಾನ ಹತ್ತದೇ ಇರುವುದು. ಈ ಲೇಖನದ ಪ್ರತಿ ಹಂತವೂ ಈ ಮೂರರ ಸುತ್ತಲೇ ಇದೆ.

ಇದಕ್ಕೆ ನಾರ್ವೆಯಷ್ಟು ಅನುಕೂಲದ ದೇಶ ಸಿಗುವುದು ಕಷ್ಟ. ಅಲ್ಲಿನ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 90 ಭಾಗ ನೀರಿನಿಂದಲೇ ಬರುತ್ತದೆ. ದಕ್ಷಿಣದ ಮುಖ್ಯ ರೈಲುಗಳು ಆ ವಿದ್ಯುತ್ತಿನಲ್ಲೇ ಓಡುತ್ತವೆ. ಬ್ಯಾಟರಿಯಲ್ಲಿ ಓಡುವ ಜಗತ್ತಿನ ಮೊದಲ ಕಾರು ಸಾಗಿಸುವ ದೋಣಿ, ‘ಆಂಪೆರೆ’, 2015ರಲ್ಲಿ ಇಳಿದದ್ದು ಇಲ್ಲಿನ ಸೋಗ್ನೆ ಫಿಯೋರ್ಡ್‌ನಲ್ಲಿ, ಅಂದರೆ ಬೆಟ್ಟಗಳ ನಡುವೆ ಚಾಚಿದ ಕಿರಿದಾದ ಕಡಲಿನಲ್ಲಿ. ಸವಲತ್ತು ಇದೆ. ಬಳಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಏನೇನು ಬೇಕು

ಕನಿಷ್ಠ ಹತ್ತು ದಿನ ಬಿಡುವು ಬೇಕು. ಉತ್ತರಕ್ಕೂ ಹೋಗಬೇಕೆಂದರೆ ಹದಿನಾರು ದಿನ. ಷೆಂಗೆನ್ ವೀಸಾ ಬೇಕು. ಇದು ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ. ಹೊರದೇಶದಲ್ಲಿ ನಡೆಯುವ ಕಾರ್ಡ್ ಎರಡಿರಲಿ. ನಾರ್ವೆಯಲ್ಲಿ ನೋಟು ಕೈಗೆ ಬರುವುದೇ ಅಪರೂಪ, ಬಸ್ಸಿನಲ್ಲೂ ಕಾರ್ಡೇ. ಗಟ್ಟಿಯಾದ ರೇನ್‌ಕೋಟ್, ನೀರು ಒಳಗೆ ಬರದ ಶೂ, ಒಂದು ಜೊತೆ ಉಣ್ಣೆಯ ಒಳಬಟ್ಟೆ, ನೀರಿನ ಬಾಟಲಿ, ತೆಳು ಹಾಸು, ಟವೆಲ್, ಕಣ್ಣಿಗೆ ಕಟ್ಟುವ ಪಟ್ಟಿ ಬೇಕು. ಆಗುಂಬೆಯ ಮಳೆ ಕಂಡವರಿಗೆ ಬೆರ್ಗೆನ್ ಮಳೆ ಹೊಸದಲ್ಲ. ಆದರೆ ಇಲ್ಲಿ ಮಳೆಯ ಜೊತೆ ಚಳಿಯೂ ಗಾಳಿಯೂ ಸೇರಿಕೊಂಡಿರುತ್ತವೆ. ಕೊಡೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.

ಫೋನಿನಲ್ಲಿ ಮೂರು ಆ್ಯಪ್ ಹಾಕಿಕೊಳ್ಳಿ. ‘ಎಂಟೂರ್’ ಇಡೀ ದೇಶದ ರೈಲು, ಬಸ್, ದೋಣಿಯ ವೇಳಾಪಟ್ಟಿ ಒಂದೇ ಕಡೆ ತೋರಿಸುತ್ತದೆ. ‘ಯೂರ್’ ಹವಾಮಾನಕ್ಕೆ. ‘ಊಟ್’ ನಡಿಗೆ ದಾರಿಗಳ ನಕ್ಷೆಗೆ. ಹೆಸರು ಕೇಳಿ ಅನ್ನ ಸಾರು ಅಂದುಕೊಳ್ಳಬೇಡಿ. ನಾರ್ವೆ ಭಾಷೆಯಲ್ಲಿ ಊಟ್ ಅಂದರೆ ‘ಹೊರಗೆ’.

1. ತಿಂಗಳು ಆರಿಸಿಕೊಳ್ಳಿ

ಬೇಸಿಗೆ ಎಂದರೆ ಅಲ್ಲಿ ಜೂನ್, ಜುಲೈ, ಆಗಸ್ಟ್. ಮೂರೂ ಒಂದೇ ಥರ ಇರುವುದಿಲ್ಲ.

ಜೂನ್‌ನಲ್ಲಿ ಹಿಮ ಕರಗುತ್ತಿರುತ್ತದೆ. ಜಲಪಾತಗಳು ತುಂಬಿ ಬೀಳುತ್ತವೆ. ಅದೇ ಕಾರಣಕ್ಕೆ ಎತ್ತರದ ನಡಿಗೆ ದಾರಿಗಳಲ್ಲಿ ಇನ್ನೂ ಹಿಮ ಇರುತ್ತದೆ. ಜುಲೈ ನಾರ್ವೆಯವರ ಸಾಮೂಹಿಕ ರಜೆ ಕಾಲ. ಹೆಚ್ಚಿನವರು ಮೂರು ವಾರ ಒಟ್ಟಿಗೆ ರಜೆ ಹಾಕುತ್ತಾರೆ. ರೈಲು, ಗುಡಿಸಲು, ದೋಣಿ ಎಲ್ಲ ತುಂಬಿರುತ್ತವೆ. ಆಗಸ್ಟ್ ಕೊನೆಗೆ ಜನ ಕಡಿಮೆ, ದಾರಿಗಳೆಲ್ಲ ತೆರೆದಿರುತ್ತವೆ, ಕಾಡಿನಲ್ಲಿ ಬ್ಲೂಬೆರಿ ಹಣ್ಣಾಗಿರುತ್ತದೆ. ಶಾಲೆಗೆ ಹೋಗುವ ಮಕ್ಕಳಿಲ್ಲದಿದ್ದರೆ ಆಗಸ್ಟ್ ಕೊನೆಯ ಎರಡು ವಾರವನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ. ಜನ ಕಡಿಮೆ ಇರುವಾಗ ಹೋದರೆ ಸಣ್ಣ ಊರುಗಳ ಮೇಲಿನ ಒತ್ತಡವೂ ಕಡಿಮೆ.

ನಡುರಾತ್ರಿಯ ಸೂರ್ಯನನ್ನೇ ನೋಡಬೇಕು ಎನ್ನುವವರಿಗೆ ಮಾತ್ರ ಈ ಸಲಹೆ ಹೊಂದುವುದಿಲ್ಲ. ಸೂರ್ಯ ಮುಳುಗದ ದಿನಗಳು ಲೊಫೊಟೆನ್‌ನಲ್ಲಿ ಮೇ ಕೊನೆಯಿಂದ ಜುಲೈ ಮಧ್ಯದವರೆಗೆ, ಟ್ರೋಮ್ಸೊದಲ್ಲಿ ಮೇ 20ರ ಆಸುಪಾಸಿನಿಂದ ಜುಲೈ 22ರ ಆಸುಪಾಸಿನವರೆಗೆ. ಓಸ್ಲೋ, ಬೆರ್ಗೆನ್‌ಗಳಲ್ಲಿ ನಡುರಾತ್ರಿಯ ಸೂರ್ಯ ಕಾಣುವುದಿಲ್ಲ. ಇದನ್ನು ತಿಳಿಯದೆ ದಕ್ಷಿಣಕ್ಕಷ್ಟೇ ಹೋಗಿ ಬೇಸರಪಟ್ಟುಕೊಂಡು ಬಂದವರು ಬಹಳ ಜನ ಇದ್ದಾರೆ.

2. ವೀಸಾ ಕೆಲಸ ಮುಗಿಸಿ

ಬೆಂಗಳೂರಿನಲ್ಲೇ ಅರ್ಜಿ ಕೇಂದ್ರ ಇದೆ. ಪ್ರವಾಸಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. 15 ದಿನ ಉಳಿದಿರುವಾಗ ಕೊನೆ. ಬೇಸಿಗೆಯ ಪ್ರವಾಸಕ್ಕೆ ಮೂರು ತಿಂಗಳು ಮೊದಲೇ ಹಾಕಿಬಿಡಿ, ಭೇಟಿಯ ಸಮಯ ಸಿಗುವುದೇ ತಡವಾಗುತ್ತದೆ. ದೊಡ್ಡವರಿಗೆ ಶುಲ್ಕ 90 ಯೂರೋ, 6ರಿಂದ 12 ವರ್ಷದ ಮಕ್ಕಳಿಗೆ 45 ಯೂರೋ. ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರವಾಸ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿರಬೇಕು. ಪಾಸ್‌ಪೋರ್ಟ್ ನೀವು ಅಲ್ಲಿಂದ ಹೊರಡುವ ದಿನದ ನಂತರವೂ 3 ತಿಂಗಳು ನಡೆಯುವಂತಿರಬೇಕು, ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು.

ಜನ ಎಡವುವುದು ಇಲ್ಲಿ. ‘ಆ ದೇಶದ ವೀಸಾ ಬೇಗ ಸಿಗುತ್ತದಂತೆ’ ಎಂದು ಬೇರೆ ದೇಶಕ್ಕೆ ಅರ್ಜಿ ಹಾಕಿ ನಾರ್ವೆಯಲ್ಲಿ ಹೆಚ್ಚು ದಿನ ಕಳೆಯುವುದು. ಹೆಚ್ಚು ದಿನ ಎಲ್ಲಿರುತ್ತೀರೋ ಅದೇ ದೇಶಕ್ಕೆ ಅರ್ಜಿ ಹಾಕಬೇಕು, ನಿಯಮವೇ ಹಾಗಿದೆ.

3. ಹೋಗುವುದು, ಬರುವುದು

ಕರ್ನಾಟಕದಿಂದ ಹೋಗುವವರಿಗೆ ವಿಮಾನ ಬಿಟ್ಟು ಬೇರೆ ದಾರಿ ಇಲ್ಲ. ಎರಡು ವಿಷಯ ನೋಡಿ. ಒಂದು, ಆದಷ್ಟು ಕಡಿಮೆ ಕಡೆ ಇಳಿದು ಹತ್ತುವ ಟಿಕೆಟ್ ತೆಗೆದುಕೊಳ್ಳಿ. ವಿಮಾನ ಮೇಲೇರುವಾಗಲೇ ಇಂಧನ ಜಾಸ್ತಿ ಸುಡುತ್ತದೆ. ಎರಡು, ಓಸ್ಲೋದಲ್ಲಿ ಇಳಿದು ಬೆರ್ಗೆನ್‌ನಿಂದ ವಾಪಸ್ ಹೊರಡಿ. ಟಿಕೆಟ್ ಹುಡುಕುವಾಗ ‘ಮಲ್ಟಿ ಸಿಟಿ’ ಎಂಬ ಆಯ್ಕೆ ಇರುತ್ತದಲ್ಲ, ಅದರಲ್ಲಿ ಹೀಗೆ ಸಿಗುತ್ತದೆ. ಬಂದ ದಾರಿಯಲ್ಲೇ ಮತ್ತೆ ಓಸ್ಲೋಗೆ ಹೋಗುವ ಒಂದು ದಿನ ಉಳಿಯುತ್ತದೆ. ಬೆರ್ಗೆನ್ ವಿಮಾನ ನಿಲ್ದಾಣಕ್ಕೆ ಊರೊಳಗಿನಿಂದಲೇ ಬೀಬಾನೆನ್ ಎಂಬ ಟ್ರಾಮ್ ಹೋಗುತ್ತದೆ.

ಜರ್ಮನಿ, ನೆದರ್ಲೆಂಡ್ಸ್, ಸ್ವೀಡನ್ ಕಡೆ ಇರುವ ಕನ್ನಡಿಗರು ವಿಮಾನವನ್ನು ಪೂರ್ತಿ ಬಿಡಬಹುದು. ಸ್ಟಾಕ್‌ಹೋಮ್ ಮತ್ತು ಗೋಥೆನ್‌ಬರ್ಗ್‌ನಿಂದ ಓಸ್ಲೋಗೆ ರೈಲಿದೆ. ಡೆನ್ಮಾರ್ಕಿನ ಹಿರ್ಟ್ಸ್‌ಹಾಲ್ಸ್‌ನಿಂದ ಕ್ರಿಸ್ಟಿಯನ್‌ಸಾಂಡ್‌ಗೆ ಹಡಗಿದೆ. ನೀವು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೂ ಯುರೋಪಿನಲ್ಲಿ ಕಾನೂನುಬದ್ಧವಾಗಿ ವಾಸ ಮಾಡುತ್ತಿದ್ದರೆ ನಿಮಗೆ ಸಿಗುವುದು ‘ಇಂಟರ್‌ರೇಲ್’ ಎಂಬ ರೈಲು ಪಾಸ್. ಭಾರತದಿಂದ ಹೋಗುವವರಿಗೆ ‘ಯೂರೇಲ್’. ಎಷ್ಟೋ ಜನ ಇದನ್ನು ಅದಲು ಬದಲು ಮಾಡಿಕೊಂಡು ಹಣ ಕಳೆದುಕೊಳ್ಳುತ್ತಾರೆ.

ಓಸ್ಲೋ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ‘ಏರ್‌ಪೋರ್ಟ್ ಎಕ್ಸ್‌ಪ್ರೆಸ್’ ಫಲಕ ಎದ್ದು ಕಾಣುತ್ತದೆ. ಅದನ್ನು ಬಿಟ್ಟು ‘ವೀ’ ಕಂಪನಿಯ ಸಾಮಾನ್ಯ ರೈಲು ಹತ್ತಿ. ಕೆಲವೇ ನಿಮಿಷ ಜಾಸ್ತಿ ಹಿಡಿಯುತ್ತದೆ, ದರ ಸುಮಾರು ಅರ್ಧ.

4. ರೈಲು ಟಿಕೆಟ್ ಮೊದಲೇ ತೆಗೆದಿಡಿ

ದೂರದ ರೈಲುಗಳಿಗೆ ಕಡಿಮೆ ದರದ ಟಿಕೆಟ್ ಸ್ವಲ್ಪವೇ ಇರುತ್ತವೆ. ಸಾಮಾನ್ಯವಾಗಿ ಸುಮಾರು ಮೂರು ತಿಂಗಳು ಮೊದಲು ಬಿಡುತ್ತಾರೆ. ಬೇಗ ತೆಗೆದವರಿಗೆ ಸಿಗುವ ದರಕ್ಕೂ ಕೊನೆ ವಾರದ ದರಕ್ಕೂ ಎರಡರಷ್ಟು ವ್ಯತ್ಯಾಸ ಇರಬಹುದು.

ಬೇಸಿಗೆಯಲ್ಲಿ ಇನ್ನೊಂದು ತೊಡಕು ಇದೆ. ಹಳಿ ರಿಪೇರಿಗೆ ಅಲ್ಲಿನವರು ಆರಿಸಿಕೊಳ್ಳುವುದು ಜುಲೈ ತಿಂಗಳನ್ನೇ. ಟಿಕೆಟ್ ಮೇಲೆ ‘ಬುಸ್ ಫೋರ್ ತೋಗ್’ ಎಂದಿದ್ದರೆ ‘ರೈಲಿನ ಬದಲು ಬಸ್’ ಎಂದರ್ಥ. ಅಂಥ ದಿನ ಮುಂದಿನ ದೋಣಿಗೆ ಅರ್ಧ ಗಂಟೆಯ ಅಂತರವಷ್ಟೇ ಇಟ್ಟುಕೊಳ್ಳಬೇಡಿ. ಎರಡು ಗಂಟೆಯಾದರೂ ಇರಲಿ. ಮಳೆ ಗಾಳಿಯಿಂದಲೂ ದಾರಿ ಮುಚ್ಚಬಹುದು. 2023ರ ಆಗಸ್ಟ್‌ನಲ್ಲಿ ‘ಹಾನ್ಸ್’ ಬಿರುಗಾಳಿ ಮಳೆಗೆ ರಿಂಗೆಬು ಬಳಿಯ ರೈಲು ಸೇತುವೆ ಕುಸಿದು, ಓಸ್ಲೋ–ಟ್ರಾಂಡ್‌ಹೈಮ್ ಮಾರ್ಗ ಮತ್ತೆ ಪೂರ್ತಿ ತೆರೆದದ್ದು 2024ರ ಮೇನಲ್ಲಿ. ಆದ್ದರಿಂದ ಹೊರಡುವ ಹಿಂದಿನ ರಾತ್ರಿ ಎಂಟೂರ್ ಒಮ್ಮೆ ತೆರೆದು ನೋಡಿ. ಇದನ್ನು ಅಭ್ಯಾಸವೇ ಮಾಡಿಕೊಳ್ಳಿ.

5. ದಾರಿ: ಮೊದಲ ಸಲದವರಿಗೆ ಓಸ್ಲೋದಿಂದ ಬೆರ್ಗೆನ್

ಹತ್ತು ದಿನಕ್ಕೆ ಇದೊಂದೇ ಗೆರೆ ಸಾಕು. ಓಸ್ಲೋ ಎರಡು ರಾತ್ರಿ, ಫಿನ್ಸೆ ಒಂದು, ಔರ್ಲಾಂಡ್ ಮೂರು, ಬೆರ್ಗೆನ್ ಮೂರು. ನಡುವೆ ಒಂದು ದಿನ ಮಳೆಗೆಂದು ಇಟ್ಟುಕೊಳ್ಳಿ.

ಓಸ್ಲೋ–ಬೆರ್ಗೆನ್ ರೈಲು ಮಾರ್ಗ ತೆರೆದದ್ದು 1909ರಲ್ಲಿ. ಸುಮಾರು 470 ಕಿ.ಮೀ., ಆರೂವರೆಯಿಂದ ಏಳು ಗಂಟೆ. ಕಾಡು, ಸರೋವರ ದಾಟಿ ಮೇಲೆ ಹತ್ತುತ್ತಾ ಹೋಗಿ, ಮರವೇ ಇಲ್ಲದ ಬೋಳು ಬಯಲಿಗೆ ಬರುತ್ತದೆ. ಆ ಬಯಲಿನ ನಡುವೆ ಫಿನ್ಸೆ, 1222 ಮೀಟರ್ ಎತ್ತರದಲ್ಲಿ, ದೇಶದ ಅತಿ ಎತ್ತರದ ರೈಲು ನಿಲ್ದಾಣ. ಇಲ್ಲಿಗೆ ಬರುವ ಸಾರ್ವಜನಿಕ ರಸ್ತೆಯೇ ಇಲ್ಲ. ರೈಲಿನಲ್ಲೇ ಬರಬೇಕು, ಇಲ್ಲ ನಡೆದು ಅಥವಾ ಸೈಕಲ್ ತುಳಿದು. ಇಳಿದು ಒಂದು ರಾತ್ರಿ ಇರಿ. ರೈಲು ಹೊರಟುಹೋದ ಮೇಲೆ ಅಲ್ಲಿ ಕೇಳಿಸುವುದು ನೀರಿನ ಸದ್ದು ಮಾತ್ರ. ಎದುರಿಗೆ ಹಾರ್ಡಂಗರ್ ಹಿಮರಾಶಿ. ಜುಲೈನಲ್ಲೂ ಸುತ್ತ ಹಿಮದ ತೇಪೆ ಇರುತ್ತವೆ.

ಫಿನ್ಸೆಯ ಪಕ್ಕದಲ್ಲೇ ಹಾದುಹೋಗುವ ಮಣ್ಣುದಾರಿಗೆ ‘ರಾಲ್ಲಾರ್‌ವೆಗೆನ್’ ಎಂದು ಹೆಸರು. ರಾಲ್ಲಾರ್ ಎಂದರೆ ಈ ರೈಲು ಹಳಿ ಹಾಕಿದ ಕೂಲಿಗಳು. ಅವರು ಸಾಮಾನು ಸಾಗಿಸಿದ ದಾರಿ ಈಗ ಸೈಕಲ್ ದಾರಿ. ಹೌಗಸ್ಟೋಲ್‌ನಿಂದ ಫ್ಲೋಮ್‌ವರೆಗೆ ಸುಮಾರು 80 ಕಿ.ಮೀ. ಸೈಕಲ್ ಬಾಡಿಗೆಗೆ ಸಿಗುತ್ತದೆ. ಆದರೆ ಜುಲೈ ಮಧ್ಯಕ್ಕೆ ಮೊದಲು ಮೇಲಿನ ಭಾಗದಲ್ಲಿ ಹಿಮ ಇರುತ್ತದೆ. ಕೊನೆಯ ಇಳಿಜಾರು ಕಡಿದು. ಅಲ್ಲಿ ಸೈಕಲ್ ಇಳಿದು ತಳ್ಳಿಕೊಂಡೇ ಹೋಗಿ.

ಮುಂದಿನ ನಿಲ್ದಾಣಗಳಲ್ಲೊಂದು ಮಿರ್ದಾಲ್, 867 ಮೀಟರ್. ಇಲ್ಲಿಂದ ಫ್ಲೋಮ್‌ಗೆ ಕವಲು ರೈಲು. 20 ಕಿ.ಮೀ. ಒಳಗೆ ಸಮುದ್ರ ಮಟ್ಟಕ್ಕೆ ಇಳಿದುಬಿಡುತ್ತದೆ, 20 ಸುರಂಗ ದಾಟಿ. ತುಂಬಾ ಚೆನ್ನಾಗಿದೆ, ತುಂಬಾ ದುಬಾರಿಯೂ ಹೌದು. ಗಟ್ಟಿ ಕಾಲಿನವರು ಮಿರ್ದಾಲ್‌ನಿಂದ ಅದೇ ಕಣಿವೆಯಲ್ಲಿ ನಡೆದು ಇಳಿಯಬಹುದು. 20 ಕಿ.ಮೀ. ಇಳಿಜಾರು, ಒಂದು ಪೂರ್ತಿ ದಿನ. ರೈಲಿನ ಕಿಟಕಿಯಲ್ಲಿ ಕ್ಷಣಮಾತ್ರ ಕಾಣುವ ಆಡು, ಹಟ್ಟಿ, ತೊರೆ ಎಲ್ಲ ಆಗ ನಿಧಾನವಾಗಿ ಸಿಗುತ್ತವೆ.

ಫ್ಲೋಮ್ ತೀರಾ ಸಣ್ಣ ಊರು. ಬೇಸಿಗೆಯಲ್ಲಿ ದೊಡ್ಡ ಪ್ರವಾಸಿ ಹಡಗು ಬಂದು ನಿಂತರೆ ಊರಿನ ಜನಕ್ಕಿಂತ ಎಷ್ಟೋ ಪಟ್ಟು ಜನ ಒಂದೇ ಹೊತ್ತಿಗೆ ಇಳಿಯುತ್ತಾರೆ. ಅದಕ್ಕೇ ನಾನು ಔರ್ಲಾಂಡ್ ಹೇಳುತ್ತೇನೆ. ಫ್ಲೋಮ್‌ನಿಂದ ಬಸ್ಸಿನಲ್ಲಿ ಹತ್ತು ಹದಿನೈದು ನಿಮಿಷ. ನೆಮ್ಮದಿಯ ಊರು. ಇಲ್ಲಿಂದ ಮೇಲೆ 650 ಮೀಟರ್ ಎತ್ತರದಲ್ಲಿ ಸ್ಟೇಗಸ್ಟೈನ್ ಎಂಬ ನೋಟದ ಕಟ್ಟೆ ಇದೆ. ಇನ್ನೊಂದು ದಿನ ಔರ್ಲಾಂಡ್ಸ್‌ದಾಲೆನ್ ಕಣಿವೆ ನಡಿಗೆ ಇಟ್ಟುಕೊಳ್ಳಿ. ಓಸ್ಟರ್‌ಬೋದಿಂದ ವಾಸ್‌ಬಿಗ್ದಿವರೆಗೆ ಸುಮಾರು 20 ಕಿ.ಮೀ., ಎರಡೂ ತುದಿಗೆ ಬೇಸಿಗೆಯಲ್ಲಿ ಬಸ್ ಇದೆ. ಹತ್ತಿರದ ಉಂದ್ರೆದಾಲ್‌ನಲ್ಲಿ ನೂರರ ಆಸುಪಾಸು ಜನ, ಅವರಿಗಿಂತ ಜಾಸ್ತಿ ಆಡು. ಅಲ್ಲಿ ಆಡಿನ ಹಾಲಿನ ಕಂದು ಗಿಣ್ಣು, ಅಂದರೆ ಬ್ರೂನ್‌ಓಸ್ಟ್, ಮಾಡುತ್ತಾರೆ. ಸಿಹಿ, ನಮ್ಮ ಕೋವಾ ನೆನಪಾಗುವ ರುಚಿ. ಅಲ್ಲೇ ಕೊಂಡರೆ ದುಡ್ಡು ಆ ಊರಿಗೇ ಹೋಗುತ್ತದೆ.

ಈಗ ಫಿಯೋರ್ಡ್. ಹಿಮನದಿಗಳು ಲಕ್ಷಾಂತರ ವರ್ಷ ಬೆಟ್ಟ ಕೊರೆದು ಮಾಡಿದ ಆಳ ಕಣಿವೆಗೆ ಸಮುದ್ರದ ನೀರು ನುಗ್ಗಿದರೆ ಅದು ಫಿಯೋರ್ಡ್. ಸೋಗ್ನೆ ಫಿಯೋರ್ಡ್ ಒಳನಾಡಿಗೆ 200 ಕಿ.ಮೀ.ಗೂ ಜಾಸ್ತಿ ಚಾಚಿದೆ, ಆಳ 1300 ಮೀಟರ್. ಅದರ ಒಂದು ಬೆರಳು ನೇರೊಯ್ ಫಿಯೋರ್ಡ್. 17 ಕಿ.ಮೀ. ಉದ್ದ, ಕಿರಿದಾದ ಕಡೆ 250 ಮೀಟರ್ ಅಗಲ. ಇದೂ ಗೈರಾಂಗರ್ ಫಿಯೋರ್ಡೂ ಸೇರಿ 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಬಂದವು. ಫ್ಲೋಮ್‌ನಿಂದ ಗುದ್ವಾಂಗೆನ್‌ಗೆ ಸುಮಾರು ಎರಡು ಗಂಟೆಯ ದೋಣಿ ಪ್ರಯಾಣ ಇದೇ ಫಿಯೋರ್ಡ್‌ನಲ್ಲಿ. 2018ರಿಂದ ಇಲ್ಲಿ ಪೂರ್ತಿ ಬ್ಯಾಟರಿಯ ದೋಣಿ ಓಡುತ್ತಿದೆ. ಎಂಜಿನ್ ಸದ್ದಿಲ್ಲ, ಹೊಗೆಯಿಲ್ಲ. ಜಲಪಾತ ಬೀಳುವುದು ದೂರದಿಂದಲೇ ಕೇಳಿಸುತ್ತದೆ.

ಟಿಕೆಟ್ ತೆಗೆಯುವಾಗ ‘ಫಿಯೋರ್ಡ್ ಕ್ರೂಸ್’ ಎಂಬ ಹೆಸರು ನೋಡಿ ಸುಮ್ನೆ ಒತ್ತಿಬಿಡಬೇಡಿ. ಅದು ವಿದ್ಯುತ್ ದೋಣಿಯೇ ಎಂದು ಓದಿ ನೋಡಿ. ಈ ಎರಡು ಪರಂಪರೆ ಫಿಯೋರ್ಡ್‌ಗಳಲ್ಲಿ 10,000 ಟನ್ನೇಜ್‌ಗಿಂತ ಸಣ್ಣ ಪ್ರಯಾಣಿಕ ಹಡಗುಗಳಿಗೆ 2026ರ ಜನವರಿ 1ರಿಂದ ಹೊಗೆ ಉಗುಳದ ನಿಯಮ ಬಂದಿದೆ. ದೊಡ್ಡ ಹಡಗುಗಳಿಗೆ 2032ರವರೆಗೆ ಸಮಯ ಕೊಟ್ಟಿದ್ದಾರೆ. ಆ ದೊಡ್ಡ ಹಡಗುಗಳಲ್ಲಿ ಹೋಗಬೇಡಿ ಎಂದೇ ನನ್ನ ಮನವಿ. ಊಟ, ನಿದ್ದೆ ಎಲ್ಲ ಹಡಗಿನಲ್ಲೇ ಮುಗಿಯುತ್ತದೆ. ಊರಿಗೆ ಉಳಿಯುವುದು ಜಂಗುಳಿ ಮಾತ್ರ.

ಗುದ್ವಾಂಗೆನ್‌ನಿಂದ ಬಸ್ಸಿನಲ್ಲಿ ವೊಸ್, ಅಲ್ಲಿಂದ ರೈಲಿನಲ್ಲಿ ಒಂದೂಕಾಲು ಗಂಟೆ, ಬೆರ್ಗೆನ್. ಈ ಮೂರೂ ತುಣುಕು ಸೇರಿಸಿ ಒಂದೇ ಪ್ಯಾಕೇಜ್ ಆಗಿಯೂ ಮಾರುತ್ತಾರೆ. ಎಂಟೂರ್ ನೋಡಿ ಬಿಡಿ ಬಿಡಿಯಾಗಿ ಕೊಂಡರೂ ಅದೇ ರೈಲು, ಅದೇ ಬಸ್. ನಡುವೆ ನಿಮಗೆ ಬೇಕಾದಷ್ಟು ದಿನ ನಿಲ್ಲಬಹುದು. ಬೆರ್ಗೆನ್‌ನಲ್ಲಿ ಫ್ಲೋಯೆನ್ ಬೆಟ್ಟಕ್ಕೆ ಹಗ್ಗದ ರೈಲು ಇದೆ. ನಡೆದರೂ ಒಂದು ಗಂಟೆಯೊಳಗೆ ಹತ್ತಬಹುದು. ಸಮುದ್ರದ ಅಂಚಿನ ಹಳೆಯ ಮರದ ಮಳಿಗೆಗಳ ಸಾಲು, ಬ್ರಿಗ್ಗೆನ್, 1979ರಿಂದಲೇ ಯುನೆಸ್ಕೊ ಪಟ್ಟಿಯಲ್ಲಿದೆ. ಬೆಳಿಗ್ಗೆ ಎಂಟಕ್ಕೆ ಮೊದಲು ಹೋಗಿ. ಮರದ ವಾಸನೆ ಆಗ ಗೊತ್ತಾಗುತ್ತದೆ.

6. ಹದಿನಾರು ದಿನ ಇದ್ದರೆ ಉತ್ತರಕ್ಕೆ

ಬೆರ್ಗೆನ್‌ನಿಂದ ಉತ್ತರದ ಕಿರ್ಕೆನೆಸ್‌ವರೆಗೆ ಕರಾವಳಿ ಹಡಗು ಓಡುತ್ತದೆ. ಈ ಸೇವೆ ಟ್ರಾಂಡ್‌ಹೈಮ್‌ನಿಂದ ಶುರುವಾದದ್ದು 1893ರಲ್ಲಿ. ಹಡಗು ಸಾಮಾನು, ಜನ ಎಲ್ಲ ಸಾಗಿಸುತ್ತಾ 34 ಬಂದರು ಮುಟ್ಟುತ್ತದೆ. ಈಗ ಎರಡು ಕಂಪನಿ ಹಂಚಿಕೊಂಡು ನಡೆಸುತ್ತವೆ. ಹನ್ನೆರಡು ದಿನದ ಪೂರ್ತಿ ಪ್ರವಾಸವನ್ನೇ ಜಾಹೀರಾತಿನಲ್ಲಿ ತೋರಿಸುತ್ತಾರೆ. ಆದರೆ ಬಸ್ಸಿನ ಹಾಗೆ ಒಂದು ಬಂದರಿನಿಂದ ಇನ್ನೊಂದಕ್ಕೂ ಟಿಕೆಟ್ ಸಿಗುತ್ತದೆ. ಬೆರ್ಗೆನ್‌ನಿಂದ ಟ್ರಾಂಡ್‌ಹೈಮ್‌ಗೆ ಅದರಲ್ಲಿ ಹೋಗಿ, ಎರಡು ರಾತ್ರಿ.

ಟ್ರಾಂಡ್‌ಹೈಮ್‌ನಿಂದ ಬೂಡೊಗೆ 729 ಕಿ.ಮೀ. ರೈಲು, ಸುಮಾರು ಹತ್ತು ಗಂಟೆ. ಈ ದಾರಿಗೆ ಇನ್ನೂ ಪೂರ್ತಿ ವಿದ್ಯುತ್ ತಂತಿ ಬಂದಿಲ್ಲ, ಡೀಸೆಲ್ ಎಂಜಿನ್ನೇ ಎಳೆಯುತ್ತದೆ. ಆದರೂ ವಿಮಾನಕ್ಕಿಂತ ಎಷ್ಟೋ ಮೇಲು. ಸಾಲ್ಟ್‌ಫ್ಯೆಲ್ಲೆಟ್ ಬಯಲಿನಲ್ಲಿ ಉತ್ತರ ಧ್ರುವವೃತ್ತ ದಾಟುವಾಗ ಹಳಿಯ ಎರಡೂ ಕಡೆ ಕಲ್ಲಿನ ಗುಪ್ಪೆ ಕಾಣುತ್ತದೆ, ಕ್ಯಾಮೆರಾ ಸಿದ್ಧ ಇಟ್ಟುಕೊಳ್ಳಿ. ಬೂಡೊದಿಂದ ಲೊಫೊಟೆನ್ ದ್ವೀಪಗಳ ಮೊಸ್ಕೆನೆಸ್‌ಗೆ ಮೂರರಿಂದ ನಾಲ್ಕು ಗಂಟೆ ದೋಣಿ. ಕಾರಿಲ್ಲದೆ ಹೋಗುವವರಿಗೆ ಜಾಗ ಸಿಗುವುದು ಸುಲಭ, ಕಾರಿನವರು ಸಾಲಿನಲ್ಲಿ ಗಂಟೆಗಟ್ಟಲೆ ಕಾಯುತ್ತಾರೆ.

ಲೊಫೊಟೆನ್‌ನಲ್ಲಿ ಒಂದೇ ಊರಿನಲ್ಲಿ ಮೂರು ನಾಲ್ಕು ರಾತ್ರಿ ಉಳಿಯಿರಿ. ಬಸ್ ಇವೆ, ಆದರೆ ಕಡಿಮೆ. ನಾಲ್ಕು ಜನ ಇದ್ದರೆ ಎರಡು ದಿನಕ್ಕೆ ವಿದ್ಯುತ್ ಕಾರು ಬಾಡಿಗೆಗೆ ತೆಗೆದುಕೊಳ್ಳುವುದು ತಪ್ಪೇನಲ್ಲ. ಇಲ್ಲಿನ ರಸ್ತೆ ಕಿರಿದು. ಅಲ್ಲಲ್ಲಿ ‘ಎಂ’ ಅಕ್ಷರದ ಫಲಕ ಇರುವ ಜಾಗ ಎದುರಿನ ಗಾಡಿಗೆ ದಾರಿ ಬಿಡಲು. ಫೋಟೊಗೆಂದು ಅಲ್ಲಿ ಗಾಡಿ ನಿಲ್ಲಿಸಿದರೆ ಆಂಬುಲೆನ್ಸ್ ಕೂಡ ಸಿಕ್ಕಿಕೊಳ್ಳುತ್ತದೆ. ಊರಿನವರಿಗೆ ಪ್ರವಾಸಿಗರ ಮೇಲೆ ಇರುವ ದೊಡ್ಡ ಸಿಟ್ಟುಗಳಲ್ಲಿ ಇದೂ ಒಂದು.

ರೈನೆ ಊರಿನ ಮೇಲಿನ ರೈನೆಬ್ರಿಂಗೆನ್, 448 ಮೀಟರ್. ಜನ ಜಾಸ್ತಿಯಾಗಿ ಬೆಟ್ಟದ ಮಣ್ಣೇ ಕೊಚ್ಚಿಹೋಗುತ್ತಿತ್ತು. ನೇಪಾಳದಿಂದ ಶೆರ್ಪಾಗಳನ್ನು ಕರೆಸಿ ಕಲ್ಲಿನ ಮೆಟ್ಟಿಲು ಕಟ್ಟಿಸಿದರು. ಆ ಮೆಟ್ಟಿಲು ಬಿಟ್ಟು ಪಕ್ಕದ ಹುಲ್ಲಿನಲ್ಲಿ ಹತ್ತಬೇಡಿ, ಅವರ ಅಷ್ಟೂ ಶ್ರಮ ಹಾಳಾಗುತ್ತದೆ.

ವಾಪಸ್ ಬರುವಾಗ ಬೂಡೊ–ಟ್ರಾಂಡ್‌ಹೈಮ್, ಟ್ರಾಂಡ್‌ಹೈಮ್–ಓಸ್ಲೋ ಎರಡಕ್ಕೂ ರಾತ್ರಿ ರೈಲಿದೆ. ಹೋಟೆಲ್ ಬಾಡಿಗೆಯೂ ಉಳಿಯುತ್ತದೆ. ಉತ್ತರಕ್ಕೆ ಹೋಗುವವರು ವಿಮಾನ ಟಿಕೆಟ್ಟನ್ನು ಓಸ್ಲೋದಿಂದಲೇ ವಾಪಸ್ ಬರುವಂತೆ ತೆಗೆಯಿರಿ.

7. ಉಳಿಯುವ ಜಾಗ

ಹೋಟೆಲ್‌ಗಿಂತ ಅಗ್ಗ, ಹೊರೆಯೂ ಕಡಿಮೆ ಎಂದರೆ ಕ್ಯಾಂಪಿಂಗ್ ಜಾಗದ ‘ಹಿತ್ತೆ’. ಇದು ಮರದ ಸಣ್ಣ ಮನೆ. ಮಂಚ, ಒಲೆ ಇರುತ್ತದೆ. ಸ್ನಾನದ ಮನೆ ಹೆಚ್ಚಾಗಿ ಹೊರಗೆ, ಎಲ್ಲರಿಗೂ ಸೇರಿ. ಹಾಸು, ಟವೆಲ್ ನಿಮ್ಮದೇ ಆಗಿರಬೇಕು, ಇಲ್ಲವಾದರೆ ಬೇರೆ ಹಣ. ಹೊರಡುವ ಮೊದಲು ಗುಡಿಸಿ ಒರೆಸಿ ಹೋಗುವುದು ಅಲ್ಲಿನ ರೂಢಿ.

ಹೋಟೆಲ್ಲೇ ಬೇಕಿದ್ದರೆ ಎರಡು ಗುರುತು ನೋಡಿ. ‘ಸ್ವಾನೆಮೆರ್ಕೆ’, ಅಂದರೆ ನಾರ್ಡಿಕ್ ದೇಶಗಳ ಹಂಸದ ಗುರುತು. ಇನ್ನೊಂದು ‘ಮಿಲ್ಯೊಫಿರ್‌ತೋರ್ನ್’, ಅಂದರೆ ಪರಿಸರದ ದೀಪಸ್ತಂಭ. ಎರಡಕ್ಕೂ ಹೊರಗಿನವರು ಬಂದು ಪರೀಕ್ಷೆ ಮಾಡುತ್ತಾರೆ. ಬರೀ ‘ಇಕೋ’, ‘ಗ್ರೀನ್’ ಎಂದು ತಾವೇ ಬರೆದುಕೊಂಡದ್ದನ್ನು ನಂಬಬೇಡಿ.

ಬಿಲ್ಲಿನಲ್ಲಿ ಪ್ರವಾಸಿ ಶುಲ್ಕ ಕಂಡರೆ ಗಾಬರಿ ಬೇಡ. ಪ್ರವಾಸಿಗರ ಒತ್ತಡ ಜಾಸ್ತಿ ಇರುವ ಊರುಗಳು ರಾತ್ರಿ ತಂಗುವವರಿಂದ ಶೇ. 3ರವರೆಗೆ ತೆಗೆದುಕೊಳ್ಳಬಹುದು ಎಂದು 2025ರಲ್ಲಿ ಅಲ್ಲಿನ ಸಂಸತ್ತು ಒಪ್ಪಿದೆ. ಶೌಚಾಲಯ, ನಡಿಗೆ ದಾರಿಗಳಿಗೆ ಹಣ ಬೇಕಲ್ಲ.

8. ಊಟ, ನೀರು, ಬಾಟಲಿ

ನಲ್ಲಿ ನೀರು ಎಲ್ಲ ಕಡೆ ಕುಡಿಯಬಹುದು. ಬಾಟಲಿ ನೀರು ಕೊಳ್ಳಲೇಬೇಡಿ. ಜ್ಯೂಸ್, ಸೋಡಾ ಕೊಂಡರೆ ಬಾಟಲಿಗೆ ‘ಪಾಂಟ್’ ಎಂದು 2 ಅಥವಾ 3 ಕ್ರೋನ ಜಾಸ್ತಿ ಹಾಕಿರುತ್ತಾರೆ. ಖಾಲಿ ಬಾಟಲಿಯನ್ನು ಯಾವುದೇ ಸೂಪರ್ ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಅಷ್ಟೂ ವಾಪಸ್.

ಹೋಟೆಲ್ ಊಟ ಬಹಳ ದುಬಾರಿ. ರೆಮಾ 1000, ಕಿವಿ, ಕೂಪ್ ಎಕ್ಸ್‌ಟ್ರಾ ಎಂಬ ಅಂಗಡಿಗಳಲ್ಲಿ ಕೊಂಡು ಹಿತ್ತೆಯಲ್ಲೇ ಅಡುಗೆ ಮಾಡಿ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಶನಿವಾರವೇ ತಂದಿಟ್ಟುಕೊಳ್ಳಿ. ಓಸ್ಲೋದ ಗ್ರೋನ್‌ಲಾಂಡ್ ಬಡಾವಣೆಯಲ್ಲಿ ಬೇಳೆ, ಅಕ್ಕಿ, ಗೋಧಿ ಹಿಟ್ಟು, ಹಸಿಮೆಣಸು ಎಲ್ಲ ಸಿಗುತ್ತದೆ.

ಮನೆಯಿಂದ ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ, ಪುಳಿಯೋಗರೆ ಗೊಜ್ಜು ತಂದುಕೊಳ್ಳಿ. ತುಪ್ಪ, ಹಾಲಿನ ಪುಡಿ, ಪೇಡಾ, ಮಾಂಸದ ಪದಾರ್ಥ, ಆಲೂಗಡ್ಡೆ ತರಬೇಡಿ. ಯುರೋಪಿನ ಹೊರಗಿನಿಂದ ಇವನ್ನು ತರಲು ಬಿಡುವುದಿಲ್ಲ. ಅಮ್ಮ ಕಟ್ಟಿಕೊಟ್ಟ ಮೈಸೂರು ಪಾಕೂ ತುಪ್ಪದ್ದೇ ಅಲ್ವಾ, ಅದನ್ನು ವಿಮಾನ ಹತ್ತುವ ಮೊದಲೇ ತಿಂದು ಮುಗಿಸಿ.

ಸಸ್ಯಾಹಾರಿಗಳು ನಾಲ್ಕು ಪದ ಕಲಿತರೆ ಸಾಕು. ಶ್ಯೊತ್ ಅಂದರೆ ಮಾಂಸ, ಫಿಸ್ಕ್ ಮೀನು, ಎಗ್ ಮೊಟ್ಟೆ, ಲೋಪೆ ಅಂದರೆ ಗಿಣ್ಣು ಗಟ್ಟಿಮಾಡಲು ಹಾಕುವ ಪದಾರ್ಥ, ಕೆಲವು ಸಲ ಕರುವಿನ ಹೊಟ್ಟೆಯಿಂದ ತೆಗೆದದ್ದು. ‘ವೆಗೆಟಾರ್’ ಎಂದು ಬರೆದಿದ್ದರೂ ಮೊಟ್ಟೆ ಇರಬಹುದು.

ಹೋಟೆಲಿನ ಬೆಳಗಿನ ತಿಂಡಿಯಲ್ಲಿ ಬ್ರೆಡ್ಡು ಕಟ್ಟಿಕೊಂಡು ಹೋಗುವುದು ತಪ್ಪಾಗುತ್ತದೆ. ಬುತ್ತಿಗೆ ಬೇರೆ ದರ ಇರುತ್ತದೆ, ಕೇಳಿ ಕೊಂಡರೆ ಸಂತೋಷದಿಂದ ಕೊಡುತ್ತಾರೆ.

9. ಬೆಟ್ಟದಲ್ಲಿ, ಬಯಲಿನಲ್ಲಿ

ನಾರ್ವೆಯ ದೊಡ್ಡ ಸಂಪತ್ತು ‘ಅಲ್ಲೆಮಾನ್ಸ್‌ರೆಟ್ಟೆನ್’. ಎಲ್ಲರ ಹಕ್ಕು ಎಂದರ್ಥ. ಬೇಲಿ ಹಾಕದ, ಉಳುಮೆ ಮಾಡದ ಕಾಡು, ಬೆಟ್ಟ, ತೀರದಲ್ಲಿ ಯಾರು ಬೇಕಾದರೂ ನಡೆಯಬಹುದು, ಹಣ್ಣು ಆರಿಸಬಹುದು, ಟೆಂಟ್ ಹಾಕಬಹುದು. 1957ರ ಕಾಯ್ದೆ ಇದನ್ನು ಬರೆದಿಟ್ಟಿದೆ. ಹಕ್ಕಿನ ಜೊತೆಗೆ ಕಟ್ಟಳೆ ಕೂಡ ಇವೆ:

ಜನ ವಾಸವಿರುವ ಮನೆ ಅಥವಾ ಗುಡಿಸಲಿನಿಂದ ಟೆಂಟ್ ಕನಿಷ್ಠ 150 ಮೀಟರ್ ದೂರ ಇರಬೇಕು. ಒಂದೇ ಜಾಗದಲ್ಲಿ ಎರಡು ರಾತ್ರಿಗಿಂತ ಜಾಸ್ತಿ ಇರಬೇಕಾದರೆ ಜಾಗದವರನ್ನು ಕೇಳಬೇಕು. ಹೊಲ, ಹುಲ್ಲುಗಾವಲು, ಮನೆ ಅಂಗಳ ಈ ಹಕ್ಕಿನೊಳಗೆ ಬರುವುದಿಲ್ಲ. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ, ಕಾಡಿನ ಹತ್ತಿರ ಬೆಂಕಿ ಹಾಕುವಂತಿಲ್ಲ. ಲೊಫೊಟೆನ್‌ನಂಥ ಕಡೆ ಕೆಲವು ತೀರಗಳಲ್ಲಿ ಟೆಂಟೇ ಬೇಡ ಎಂದು ಫಲಕ ಹಾಕಿದ್ದಾರೆ, ಅದನ್ನು ಪಾಲಿಸಿ. ಶೌಚಕ್ಕೆ ನೀರಿನಿಂದ ದೂರ ಹೋಗಿ, ಗುಂಡಿ ತೋಡಿ, ಕಾಗದ ಚೀಲದಲ್ಲಿ ವಾಪಸ್ ತನ್ನಿ. ದಾರಿಯಲ್ಲಿ ಕಲ್ಲು ಪೇರಿಸಿ ಗೋಪುರ ಮಾಡಬೇಡಿ. ಅಲ್ಲಿ ಪೇರಿಸಿದ ಕಲ್ಲು ದಾರಿಯ ಗುರುತು. ಮಂಜು ಮುಸುಕಿದಾಗ ನಿಮ್ಮ ಆಟದ ಗೋಪುರ ನಂಬಿ ಯಾರೋ ದಾರಿ ತಪ್ಪುತ್ತಾರೆ.

ದಾರಿಗೆ ಕೆಂಪು ಬಣ್ಣದ ‘ಟಿ’ ಗುರುತು ಹಾಕುವುದು 1868ರಲ್ಲಿ ಹುಟ್ಟಿದ ನಡಿಗೆಗಾರರ ಸಂಘ, ಡಿಎನ್‌ಟಿ. ಅದರ 550ಕ್ಕೂ ಜಾಸ್ತಿ ಗುಡಿಸಲುಗಳಲ್ಲಿ ಕೆಲವು ಕಡೆ ನೋಡಿಕೊಳ್ಳುವವರೇ ಇರುವುದಿಲ್ಲ. ಉಗ್ರಾಣದಲ್ಲಿ ಬೇಳೆಕಾಳು, ಡಬ್ಬಿ ಆಹಾರ ಇರುತ್ತದೆ. ತೆಗೆದುಕೊಂಡದ್ದನ್ನು ಬರೆದು, ಹಣ ಕಟ್ಟಿ, ಪಾತ್ರೆ ತೊಳೆದು, ಮುಂದಿನವರಿಗೆ ಸೌದೆ ಒಡೆದಿಟ್ಟು ಹೋಗಬೇಕು. ಹೊರಗಿನವರೂ ಸದಸ್ಯರಾಗಬಹುದು, ದರ ಕಡಿಮೆಯಾಗುತ್ತದೆ.

ನಡಿಗೆ ಆರಿಸುವಾಗ ಫೋಟೊ ನೋಡಿ ಆರಿಸಬೇಡಿ, ದೂರ ನೋಡಿ. ಪ್ರೈಕೆಸ್ಟೋಲೆನ್ ಬಂಡೆ ಫಿಯೋರ್ಡ್‌ನಿಂದ 604 ಮೀಟರ್ ಮೇಲೆ. ಹೋಗಿ ಬರಲು 8 ಕಿ.ಮೀ., ಸುಮಾರು ನಾಲ್ಕು ಗಂಟೆ. ನಿತ್ಯ ನಡೆಯುವವರಿಗೆ ಆಗುತ್ತದೆ. ಟ್ರೋಲ್‌ತುಂಗ ಬಂಡೆ ಹಾಗಲ್ಲ. ಶೆಗ್ಗೆದಾಲ್‌ನಿಂದ ಹೋಗಿ ಬರಲು 27 ಕಿ.ಮೀ., ಹತ್ತರಿಂದ ಹನ್ನೆರಡು ಗಂಟೆ. ಬೆಳಿಗ್ಗೆ ಬೇಗ ಹೊರಡದೆ, ಮಳೆ ಬಟ್ಟೆ ಇಲ್ಲದೆ, ಬರೀ ಕ್ರೀಡಾ ಶೂ ಹಾಕಿ ಹೋದವರನ್ನು ಕೆಳಗಿಳಿಸಲು ರಕ್ಷಣಾ ತಂಡದವರು ಬೆಟ್ಟ ಹತ್ತಬೇಕಾಗುತ್ತದೆ. ಅವರಲ್ಲಿ ಬಹುಪಾಲು ಜನ ಕೆಲಸ ಬಿಟ್ಟು ಬರುವ ಸ್ವಯಂಸೇವಕರು. ನಾರ್ವೆಯವರ ಬೆಟ್ಟದ ಒಂಬತ್ತು ಸೂತ್ರಗಳಲ್ಲಿ ಒಂದು ‘ಹೊತ್ತಿರುವಾಗಲೇ ಹಿಂದಿರುಗಿ, ಅದರಲ್ಲಿ ನಾಚಿಕೆ ಇಲ್ಲ’ ಎನ್ನುತ್ತದೆ. ಇಷ್ಟು ದೂರದಿಂದ ಬಂದಿದ್ದೇವೆ ಎಂಬ ಹಟ ನಮ್ಮವರಲ್ಲಿ ಜಾಸ್ತಿ. ಮಧ್ಯಾಹ್ನ ಒಂದಕ್ಕೆ ಅರ್ಧ ದಾರಿ ಆಗಿಲ್ಲವಾದರೆ ತಿರುಗಿಬಿಡಿ. ತುರ್ತು ಸಂಖ್ಯೆಗಳು: ಬೆಂಕಿಗೆ 110, ಪೊಲೀಸರಿಗೆ 112, ಆಂಬುಲೆನ್ಸ್‌ಗೆ 113.

ದಕ್ಷಿಣದ ಕರಾವಳಿ ಕಾಡು, ಹುಲ್ಲಿನಲ್ಲಿ ನಡೆದ ದಿನ ಉಣುಗು ನೋಡಿಕೊಳ್ಳಿ. ಮಂಗನ ಕಾಯಿಲೆಯ ಕಾರಣ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಉಣುಗಿನಿಂದ ಹೆಚ್ಚಾಗಿ ಬರುವುದು ಲೈಮ್ ಎಂಬ ಬೇರೆ ಕಾಯಿಲೆ. ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ ನಡೆಯಿರಿ. ಸಂಜೆ ಮಂಡಿಯ ಹಿಂದೆ, ಕಂಕುಳು, ತೊಡೆಸಂದಿ, ಮಕ್ಕಳಿಗಾದರೆ ಕಿವಿಯ ಹಿಂದೆ ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ, ಎಣ್ಣೆ ಹಚ್ಚಬೇಡಿ. ಕಚ್ಚಿದ ತಾರೀಖು ಬರೆದಿಟ್ಟುಕೊಳ್ಳಿ. ಕಚ್ಚಿದ ಕೆಲವು ದಿನಗಳಿಂದ ನಾಲ್ಕು ವಾರದೊಳಗೆ, ಊರಿಗೆ ಬಂದ ಮೇಲಾದರೂ, ಆ ಜಾಗದಲ್ಲಿ ಬಳೆಯಂತೆ ಕೆಂಪು ಹರಡಿದರೆ ಡಾಕ್ಟರ ಹತ್ತಿರ ಹೋಗಿ, ನಾರ್ವೆಯಲ್ಲಿ ಉಣುಗು ಕಚ್ಚಿತ್ತು ಎಂದು ಮರೆಯದೆ ಹೇಳಿ. ಇಲ್ಲಿನ ಡಾಕ್ಟರಿಗೆ ಆ ಕಾಯಿಲೆ ದಿನಾ ಕಾಣುವುದಲ್ಲ.